ಅರ್ಧ ಲಾರಿ ಸಾಮಾನು

ಹೊಸ ಊರು
ಹದಿನೆಂಟನೇ ತಾರೀಖು, ಬುಧವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಔಷಧಿ ಬೇಗ ಮುಗಿದೀತೆಂದು ಅರ್ಧ ಮುಚ್ಚಳ ಕುಡಿದು ಬಾಟಲಿ ಕಾಯುತ್ತಾ ಕೂರಬೇಡಿ. ಸೇತುವೆ ಕೆಲಸ ಮುಗಿಸಿ ಬರುವ ಹೊತ್ತಿಗೆ ನೀವು ಗಟ್ಟಿಮುಟ್ಟಾಗಿರಬೇಕು, ನನಗೆ ಈಗ ಅದೇ ಮುಖ್ಯ. ನಾನು ಚೆನ್ನಾಗಿದ್ದೇನೆ. ಸಾಮಾನೆಲ್ಲ ಬಂದು ಸೇರಿತು, ಒಂದು ಲೋಟವೂ ಒಡೆದಿಲ್ಲ.

ಎಲ್ಲವನ್ನೂ ನೀವು ಹೇಳಿಕೊಟ್ಟಂತೆಯೇ ಮಾಡಿದೆ. ರಟ್ಟಿನ ಪೆಟ್ಟಿಗೆಗಳಿಗೆ ದುಡ್ಡು ಸುರಿಯದೆ ಔಷಧಿ ಅಂಗಡಿಯವನನ್ನು ಕಾಡಿ ಬೇಡಿ ತಂದೆ. ಪಾತ್ರೆಗಳನ್ನು ನಿಮ್ಮ ಹಳೆಯ ಅಂಗಿಗಳಲ್ಲಿ ಸುತ್ತಿದೆ. ತಿಂಗಳ ಕೊನೆಗೆ ಲಾರಿ ಬಾಡಿಗೆ ಏರುತ್ತದೆಂದು ನಡುವಿನ ವಾರವನ್ನೇ ಹಿಡಿದೆ. ನಮಗೆ ಅರ್ಧ ಲಾರಿ ಸಾಕು, ಉಳಿದರ್ಧಕ್ಕೆ ದಾರಿಯಲ್ಲಿ ಇನ್ಯಾರದೋ ಸಾಮಾನು ಹತ್ತುತ್ತದೆ, ಬಾಡಿಗೆ ಹಂಚಿಹೋಗುತ್ತದೆ ಎಂದು ನೀವೇ ಡ್ರೈವರನ್ನು ಗೊತ್ತುಮಾಡಿದ್ದಿರಲ್ಲ, ಆ ಲೆಕ್ಕಾಚಾರಕ್ಕೆ ನಿಮ್ಮನ್ನು ಮೆಚ್ಚಲೇಬೇಕು. ನನಗೆ ಬಸ್ಸಿಗೆಂದು ದುಡ್ಡು ಕೊಟ್ಟಿದ್ದಿರಿ. ಹನ್ನೊಂದು ವರ್ಷ ನಿಮ್ಮ ಜೊತೆ ಬಾಳಿದವಳಿಗೆ ಅಷ್ಟು ಬುದ್ಧಿ ಬರುವುದಿಲ್ಲವೇ? ಅದನ್ನೂ ಉಳಿಸಿ ಡ್ರೈವರ್ ಪಕ್ಕದಲ್ಲೇ ಕೂತು ಬಂದೆ.

ದಾರಿಯ ಊರಿನಲ್ಲಿ ಉಳಿದರ್ಧ ಸಾಮಾನು ಹತ್ತಿತು. ಆ ಮನೆಯಾಕೆಯೂ ಬಸ್ಸಿನ ದುಡ್ಡು ಉಳಿಸುವವಳೇ. ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ನನ್ನ ಪಕ್ಕಕ್ಕೇ ಬಂದಳು. ಜಾಗ ಸಾಲದೆ ಮಗು ನನ್ನ ತೊಡೆ ಏರಿತು. ಬಿಸ್ಕತ್ತಿನ ಪೊಟ್ಟಣದ ದಾರವನ್ನು ನಾನು ಹಲ್ಲಿನಿಂದ ಕಡಿಯಲು ಹೋದರೆ ಕೈ ಹಿಡಿದು ನಿಲ್ಲಿಸಿತು. "ಕಡೀಬಾರ್ದು, ಗಂಟು ಬಿಚ್ಬೇಕು, ದಾರ ಉಳಿಯುತ್ತೆ ಅಂತ ಅಪ್ಪ ಹೇಳ್ತಾರೆ" ಎಂದಿತು. ಬಿಚ್ಚಿದ ದಾರವನ್ನು ಹೆಬ್ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡಿತು, ಥೇಟ್ ನಿಮ್ಮ ಹಾಗೆ. ಕಿವಿಗಳೂ ನಿಮ್ಮವೇ. ಅದರಪ್ಪ ಏನು ಮಾಡುತ್ತಾರೆಂದು ಕೇಳಿದೆ. ಸೇತುವೆ ಕಟ್ಟಿಸುತ್ತಾರೆ, ಒಂದನೇ ತಾರೀಖು ಬರುತ್ತಾರೆ ಎಂದಳು ತಾಯಿ. ಅವಳ ಗಾಜಿನ ಲೋಟಗಳು ನೀವು ಕಳೆದುಹೋಯಿತೆಂದು ನನ್ನೆದುರು ಹಲುಬಿದ ನೀಲಿ ಪಟ್ಟೆ ಅಂಗಿಯಲ್ಲಿ ಸುತ್ತಿಕೊಂಡಿದ್ದವು. ಊರಿನ ಆ ತುದಿಗೊಂದು ಈ ತುದಿಗೊಂದು ಮನೆ, ಎರಡು ಸಂಸಾರಕ್ಕೆ ಒಂದೇ ಲಾರಿ. ಇಬ್ಬರನ್ನೂ ಬಸ್ಸಿಗೆ ಹತ್ತಿಸಿದರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದುಕೊಂಡಿರಿ. ಉಳಿತಾಯ ಕಲಿಸಿದ ಮೇಷ್ಟ್ರು ಇಬ್ಬರಿಗೂ ನೀವೇ ಎನ್ನುವುದನ್ನು ಮರೆತಿರಿ.

ಕೂಗಾಡಬೇಕೆಂದು ನನಗೆ ಅನ್ನಿಸಲಿಲ್ಲ. ಮಗುವಿನ ಮಾತೆತ್ತಿದಾಗಲೆಲ್ಲ ನೀವು "ಈಗ ಬೇಡ ಕಣೇ, ಖರ್ಚು ತಡೆಯಲ್ಲ" ಎನ್ನುತ್ತಿದ್ದಿರಿ. ನಾನು ಹೂಂ ಎನ್ನುತ್ತಾ ಬಂದೆ. ಹೋದ ವರ್ಷ ಡಾಕ್ಟರಮ್ಮ ಇನ್ನು ಆಸೆ ಬಿಟ್ಟುಬಿಡಿ ಎಂದರು. ನೀವು ತಡೆಯಲಾಗದು ಎಂದ ಆ ಖರ್ಚು ನನ್ನ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆಹೋಗಿತ್ತು. ಅದರ ತಲೆ ಜೋಲದಂತೆ ಊರು ಬರುವತನಕ ಹಿಡಿದುಕೊಂಡೇ ಇದ್ದೆ.

ಅವಳಿಗೆ ಏನೇನೂ ಗೊತ್ತಿಲ್ಲ. ನಿಮಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ನಂಬಿಕೊಂಡಿದ್ದಾಳೆ. ನಗುಮುಖದ ಹೆಂಗಸು, ಕೈಬಿಗಿಯಲ್ಲಿ ನನ್ನನ್ನೂ ಮೀರಿಸುತ್ತಾಳೆ. ಚೆನ್ನಾಗಿ ಪಳಗಿಸಿದ್ದೀರಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬಿಸಿಲಿನಲ್ಲಿ ತಿರುಗಬೇಡಿ. ನಿಮಗೆ ದೀರ್ಘಾಯುಷ್ಯ ಸಿಗಲಿ ಎಂದು ಮನಸಾರೆ ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮ ದಾರಿಯನ್ನೇ ನೋಡುತ್ತಿರುವ,
ಕೈಹಿಡಿದವಳು

ಅಂಚೆಗೆ ಹೊತ್ತಾಯಿತು, ಒಂದು ಮಾತು ಬಿಟ್ಟುಹೋಗಿತ್ತು: ನನಗೆ ಗೊತ್ತುಮಾಡಿದ್ದ ಮನೆಯನ್ನು ಬಿಟ್ಟುಕೊಟ್ಟು ಮುಂಗಡ ವಾಪಸು ಪಡೆದಿದ್ದೇನೆ. ಎರಡೆರಡು ಬಾಡಿಗೆ ಯಾಕೆ? ಮನಸ್ತಾಪದಿಂದ ದೂರವಾಗಿದ್ದ ನಿಮ್ಮ ಅಕ್ಕ ನಾನು, ಮಗುವಿನ ಕಿವಿ ನೋಡಿ ಗುರುತು ಸಿಕ್ಕಿತು ಎಂದು ಅವಳಿಗೆ ಹೇಳಿದೆ. ನನ್ನನ್ನು ತಬ್ಬಿಕೊಂಡು ಅತ್ತಳು, ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಾಳೆ. ಮಗು "ಅತ್ತೆ, ಅತ್ತೆ" ಎನ್ನುತ್ತಾ ನನ್ನ ಪಕ್ಕದಲ್ಲೇ ಮಲಗುತ್ತದೆ. ಒಂದನೇ ತಾರೀಖು ಮೂವರೂ ಬಾಗಿಲಲ್ಲಿ ನಿಂತಿರುತ್ತೇವೆ. ನೀವು ಬರದೆ ತಪ್ಪಿಸಿಕೊಂಡರೆ ಮಾರನೇ ದಿನ ನಾನೇ ಎಲ್ಲವನ್ನೂ ಹೇಳುತ್ತೇನೆ. ಬಂದರೆ, ಅವರಿಬ್ಬರ ಎದುರಿಗೆ ನನ್ನನ್ನು ಬಾಯಿತುಂಬಾ ಅಕ್ಕಾ ಎಂದು ಕರೆಯಿರಿ. ಅದಕ್ಕೆ ಖರ್ಚೇನೂ ತಗಲುವುದಿಲ್ಲ.