ಲುತ್ಸೆಕ್ ಮುರಿಯದೆ ಹೋದ ರೊಟ್ಟಿ

ಇಂಗ್ಲೆಂಡ್,
೪ ಜನವರಿ ೧೯೪೫

ನನ್ನ ಪ್ರೀತಿಯ ಪೊಲಾ,

ಮೊದಲು ದೇವರಿಗೆ ಸ್ತುತಿ, ಆಮೇಲೆ ನಿನಗೊಂದು ಮುತ್ತು, ಕಾಜಿಯಾಳಿಗೊಂದು. ನಾನು ಬದುಕಿದ್ದೇನೆ, ಕೈಕಾಲು ನೆಟ್ಟಗಿವೆ. ಇದನ್ನು ಮೊದಲೇ ಬರೆದುಬಿಟ್ಟೆ, ಏಕೆಂದರೆ ನಾನಾಗಿದ್ದರೆ ಕಾಗದ ಒಡೆದ ಕೂಡಲೇ ಅದನ್ನೇ ಹುಡುಕುತ್ತಿದ್ದೆ.

ನಿನ್ನ ಅಕ್ಟೋಬರ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಅದು ನನ್ನ ಕೈಸೇರಿದ್ದೇ ಡಿಸೆಂಬರಿನಲ್ಲಿ. ಆಮೇಲೆ ಬೆರಳು ಒಡೆದು ಲೇಖನಿ ಹಿಡಿಯಲಾಗಲಿಲ್ಲ. ಈ ಚಳಿಯಲ್ಲಿ ಕೈಗವಸು ಹಾಕಿಕೊಂಡರೆ ಸಣ್ಣ ತಿರುಪುಗಳು ಕೈಗೆ ಸಿಗುವುದಿಲ್ಲ, ತೆಗೆದರೆ ಕಬ್ಬಿಣ ಚರ್ಮವನ್ನೇ ಕಿತ್ತು ಇಟ್ಟುಕೊಳ್ಳುತ್ತದೆ. ಕಾಜಿಯಾ ನನ್ನ ಹಿಂದಿನ ಕಾಗದದ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದು ನಿನಗೆ ತೋರಿಸಿದಳೆಂದು ಬರೆದಿದ್ದೀಯ. ಎಳೆಯಲಿ. ನಾನು ನಾಲ್ಕನೆಯ ತರಗತಿಗೆ ಬಿಟ್ಟು ಕುಲುಮೆಗೆ ಹೋದವನು, ಮಗಳಾದರೂ ಕಲಿಯಲಿ. ಅವಳ ಕೆಮ್ಮು ಹೋಯಿತೇ? ಕ್ವಿನೈನ್ ತಪ್ಪಿಸಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಚಪ್ಪಲಿ ಕೊಡವಿಯೇ ಕಾಲಿಡಬೇಕು, ಇಬ್ಬರೂ. ನಿಮ್ಮ ನಿರಾಶ್ರಿತರ ಶಿಬಿರದ ಬ್ಯಾರಕ್ಕಿನ ಚಾಪೆ ಗೋಡೆಯ ಸಂದಿಯಿಂದ ಹಾವು ಬಂತೆಂದು ನೀನು ತಮಾಷೆಯ ಹಾಗೆ ಬರೆದೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೊಲ್ಹಾಪುರದ ಪೇಟೆಯಲ್ಲಿ ಗಟ್ಟಿ ಬೂಟು ಸಿಗುವುದಾದರೆ ಕೊಂಡುಬಿಡು.

ಇಲ್ಲಿಯ ಸುದ್ದಿ ಎಂದರೆ ಕೆಸರು, ಮಂಜು, ಮತ್ತೆ ಕೆಸರು. ಅರ್ಧ ಪೀಪಾಯಿಯನ್ನು ಕವುಚಿ ಹಾಕಿದಂಥ ತಗಡಿನ ಮನೆಯಲ್ಲಿ ಮಲಗುತ್ತೇವೆ. ನಡುವೆ ಒಂದು ಒಲೆ. ಅದರ ಪಕ್ಕದವನು ಬೇಯುತ್ತಾನೆ, ಬಾಗಿಲ ಪಕ್ಕದವನು ಹೆಪ್ಪುಗಟ್ಟುತ್ತಾನೆ. ನನ್ನ ಮಂಚ ಬಾಗಿಲ ಪಕ್ಕದಲ್ಲಿ, ನಾನೇ ಕೇಳಿ ಹಾಕಿಸಿಕೊಂಡದ್ದು. ಒಲೆಯ ಹೊಗೆಗೆ ಮಲಗಿದಲ್ಲೇ ಉಸಿರುಕಟ್ಟಿ ಹೋದವರ ಕಥೆ ಕೇಳಿದ್ದೇನೆ. ಬೆಳಗಾದರೆ ಸೈಕಲ್ ಹತ್ತಿ ಮೈದಾನದ ಆ ತುದಿಗೆ ಹೋಗುತ್ತೇವೆ, ನಮ್ಮ ಮುದುಕಿ ಅಲ್ಲಿ ನಿಂತಿರುತ್ತಾಳೆ. ಮುದುಕಿ ಎಂದರೆ ನಮ್ಮ ವಿಮಾನ. ಇಂಜಿನ್ನುಗಳ ಮೇಲಿನ ಕ್ಯಾನ್ವಾಸ್ ಹೊದಿಕೆ ಇಬ್ಬನಿ ಹೆಪ್ಪುಗಟ್ಟಿ ಹಲಗೆಯ ಹಾಗೆ ಸೆಟೆದಿರುತ್ತದೆ. ಅದನ್ನು ಬಿಚ್ಚುವುದೇ ಒಂದು ಕುಸ್ತಿ. ನಾವು ನಾಲ್ವರು ನೆಲದವರು, ಅವಳನ್ನು ಹಾರಿಸುವವರು ಏಳು ಮಂದಿ. ವಿಮಾನ ನಮ್ಮದು, ಅವರಿಗೆ ಎರವಲು ಕೊಟ್ಟಿದ್ದೇವೆ ಎಂದು ನನ್ನ ಜೊತೆಯ ಮೆಕ್ಯಾನಿಕ್ ಒನುಫ್ರಿ ಹೇಳುವುದುಂಟು.

ಆ ಏಳು ಮಂದಿಯಲ್ಲಿ ಲುತ್ಸೆಕ್ ಎಂಬ ಹುಡುಗನ ಬಗ್ಗೆ ನಿನಗೆ ಬರೆಯಬೇಕು. ವಾರ್ಸಾದವನು, ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿದ್ದವನು. ಈಗ ಬಾಲದ ತುದಿಯ ಗಾಜಿನ ಗೂಡಿನಲ್ಲಿ, ಎಲ್ಲರಿಗೂ ಬೆನ್ನು ಹಾಕಿ, ಒಬ್ಬನೇ ಬಂದೂಕು ಹಿಡಿದು ಕೂರುತ್ತಾನೆ. ಆ ಗಾಜನ್ನು ದಿನವೂ ಮೆತ್ತನೆ ಬಟ್ಟೆಯಿಂದ ಉಜ್ಜುವುದು ನನ್ನ ಕೆಲಸ. ಉಜ್ಜಿ ಮುಗಿಸಿದ ಮೇಲೆ ಅವನು ಬಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಇಲ್ಲಿ ಎಲ್ಲರ ಬಾಯಲ್ಲೂ ನಾನು ಫಿಲೆಕ್.

"ಫಿಲೆಕ್ ಮಾವ, ಇಲ್ಲೊಂದು ಚುಕ್ಕೆ ಬಿಟ್ಟಿದೀಯಲ್ಲ. ಮೇಲೆ ಹೋದ್ರೆ ಇದೇ ಜರ್ಮನ್ ವಿಮಾನ ಆಗುತ್ತೆ. ನಾನು ಇದಕ್ಕೇ ಗುಂಡು ಹೊಡೀತಾ ಕೂತಿರ್ತೀನಿ."

"ಅದು ನಿನ್ನ ಮೂಗಿನ ಗುರುತು ಕಣೋ. ಮೂಗು ಒತ್ತಿಟ್ಕೊಂಡು ನೋಡ್ತೀಯ."

"ಹಾಗಾದ್ರೆ ದೊಡ್ಡ ವಿಮಾನವೇ ಇರ್ಬೇಕು ಬಿಡು."

ಹೀಗೆ ನಗುತ್ತಿರುತ್ತಾನೆ. ಆದರೆ ಅವನ ತಾಯಿ ಒಬ್ಬಳೇ ವಾರ್ಸಾದಲ್ಲಿದ್ದಳು. ಬೇಸಿಗೆಯಲ್ಲಿ ಊರು ದಂಗೆ ಎದ್ದದ್ದು, ಆಮೇಲೆ ಜರ್ಮನರು ಊರನ್ನೇ ಸುಟ್ಟು ಕೆಡವಿದ್ದು ನಿನಗೂ ಗೊತ್ತು. ಅಂದಿನಿಂದ ಅವಳ ಸುದ್ದಿಯಿಲ್ಲ.

ಕ್ರಿಸ್‌ಮಸ್ ಹಬ್ಬದ ಹಿಂದಿನ ರಾತ್ರಿಯ ಊಟಕ್ಕೆ ಒಂದೊಂದು ವಿಮಾನದವರಿಗೆ ಒಂದೊಂದು ಮೇಜು ಎಂದು ಗೊತ್ತಾದಾಗಿನಿಂದ ನನಗೆ ಸಂಕಟ. ಏಳು ಮತ್ತು ನಾಲ್ಕು ಹನ್ನೊಂದು. ಬೆಸ ಲೆಕ್ಕದಲ್ಲಿ ಕೂತರೆ ಮುಂದಿನ ವರ್ಷದ ಊಟಕ್ಕೆ ಅವರಲ್ಲೊಬ್ಬರು ಇರುವುದಿಲ್ಲವೆಂದು ನಿನ್ನಮ್ಮ ಪಕ್ಕದ ಮನೆಯ ಕಿವುಡನನ್ನು ಅಂಗಿ ಹಿಡಿದು ಎಳೆತರುತ್ತಿದ್ದರಲ್ಲ! ನಾನು ಎಡಿತ್‌ಳನ್ನು ಕರೆದೆ. ಹಾರುವವರನ್ನು ಲಾರಿಯಲ್ಲಿ ವಿಮಾನದವರೆಗೆ ಬಿಟ್ಟುಬರುವ ಇಂಗ್ಲಿಷ್ ಹುಡುಗಿ ಅವಳು, ಗಟ್ಟಿಗಿತ್ತಿ.

"ನಾನ್ಯಾಕೆ?" ಎಂದಳು.

"ನೀನು ಬಂದ್ರೆ ನಾವು ಸಮ ಆಗ್ತೀವಿ."

"ಓಹೋ! ಹಾಗಾದ್ರೆ ಊಟಕ್ಕಲ್ಲ, ನನ್ನನ್ನ ಕರೆದಿದ್ದು ಲೆಕ್ಕಕ್ಕೆ."

ಆದರೂ ಬರುತ್ತೇನೆ ಎಂದಳು. ಒನುಫ್ರಿ ಮೂರು ದಿನ ನನ್ನನ್ನು ಆಡಿಕೊಂಡ. ಆಡಿಕೊಳ್ಳಲಿ, ಹನ್ನೆರಡಾಯಿತಲ್ಲ.

ಊಟದ ಆ ದಿನ ಹಾರಾಟವಿರುವುದಿಲ್ಲ ಎಂದುಕೊಂಡಿದ್ದೆವು. ಬೆಳಿಗ್ಗೆ ಆಜ್ಞೆ ಬಂತು. ಎಲ್ಲಿಗೆ ಎಂದು ಬರೆದರೆ ಕಾಗದ ಓದುವ ಅಧಿಕಾರಿ ಕತ್ತರಿ ಹಾಕುತ್ತಾರೆ. ಮಧ್ಯಾಹ್ನ ಎಡಿತ್ ಲಾರಿಯಲ್ಲಿ ಅವರನ್ನು ಇಳಿಸಿದಳು. ಆಗಲೇ ಹೊಲದ ಮೇಲೆ ಮಂಜು ಕೂರತೊಡಗಿತ್ತು. ಹೊರಟವರಿಗೆ ಮರಳಿ ಇಳಿಯಲು ನೆಲವೇ ಕಾಣದೆ ಹೋಗುವಂಥ ಮಂಜು. ಈಗ ನಾನು ಮಾಡಿದ್ದನ್ನು ಕೇಳು.

ನೀನು ಅಕ್ಟೋಬರ್ ಕಾಗದದಲ್ಲಿಟ್ಟು ಕಳಿಸಿದ್ದ, ಊಟಕ್ಕೆ ಮುಂಚೆ ಒಬ್ಬರ ಜೊತೆಗೊಬ್ಬರು ಮುರಿಯುವ ಹಬ್ಬದ ರೊಟ್ಟಿ ನನ್ನ ಎದೆಯ ಜೇಬಿನಲ್ಲಿತ್ತು. ಹಪ್ಪಳದಷ್ಟೂ ದಪ್ಪವಿಲ್ಲದ್ದು ಅಷ್ಟು ಸಮುದ್ರ ದಾಟಿ ಬರುವಾಗ ನಾಲ್ಕೈದು ಚೂರಾಗಿತ್ತು. ಒಂದು ಚೂರಿನ ಮೇಲೆ ಮಾತ್ರ ಕುರಿಮರಿಯ ಚಿತ್ರ ಪೂರ್ತಿಯಾಗಿ ಉಳಿದಿತ್ತು. ನಾನು ಬಾಲದ ಹತ್ತಿರ ಹೋಗಿ ಅದನ್ನು ಲುತ್ಸೆಕ್‌ನ ಮುಂದೆ ಹಿಡಿದೆ.

"ಏನಿದು ಮಾವ?"

"ನನ್ನ ಹೆಂಡ್ತಿ ಇಂಡಿಯಾದಿಂದ ಕಳಿಸಿದ್ದು. ಮುರಿ, ಒಂದು ಚೂರು ಮುರಿದು ಬಾಯಿಗೆ ಹಾಕ್ಕೋ."

"ಈಗ್ಲಾ?"

"ಈಗ್ಲೇ ಆಗ್ಲಿ ಅಂತ."

ಅವನ ಮುಖದ ನಗು ಹೋಯಿತು. "ಮೊದಲ ನಕ್ಷತ್ರ ಕಾಣೋ ಮುಂಚೆ ಯಾರು ಮುರೀತಾರೆ ಮಾವ? ರಾತ್ರಿ ತನಕ ಉಳಿಯಲ್ಲ ಅನ್ನೋ ರೋಗಿ ಮಂಚದ ಹತ್ರ ಮುರೀತಾರೆ."

ಅವನೇ ನನ್ನ ಕೈಯನ್ನು ಮಡಿಸಿ, ರೊಟ್ಟಿಯನ್ನು ನನ್ನ ಜೇಬಿಗೇ ತಳ್ಳಿ, "ಇಟ್ಕೊಂಡಿರು. ಊಟಕ್ಕೆ ಬರ್ತೀನಿ" ಎಂದು ಹತ್ತಿ ಕುಳಿತ. ವಿಮಾನ ಹೊರಳಿ ಹೊರಟಿತು. ಗಾಜಿನೊಳಗಿನಿಂದ ಕೈ ಎತ್ತಲಿಲ್ಲ. ದಿನವೂ ಎತ್ತುತ್ತಿದ್ದ.

ಒನುಫ್ರಿ ಎಲ್ಲ ಕೇಳಿಸಿಕೊಂಡಿದ್ದ. "ಅಳತೆ ಪಟ್ಟಿ ತಂದಿದ್ರೆ ಹೆಣದ ಪೆಟ್ಟಿಗೆಗೂ ಅಳತೆ ತಗೋಬಹುದಿತ್ತು" ಎಂದ. ನನ್ನ ಮುಖ ನೋಡಿ, "ಲೇ, ತಮಾಷೆಗೆ ಅಂದೆ" ಎಂದ.

ಪೊಲಾ, ನಾನು ಕೆಟ್ಟದ್ದು ಬಯಸಿ ಮಾಡಿದ್ದಲ್ಲ. ಹೋದವರು ಬರದಿದ್ದರೆ, ರೊಟ್ಟಿ ಮುರಿಯದೆಯೇ ಕಳಿಸಿದೆನಲ್ಲ ಎಂದು ಕೊರಗಬೇಕಾಗುತ್ತದೆಂದು ಮಾಡಿದ್ದು. ಆದರೆ ಅವನು ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ ಹಾಗಾಯಿತು, ಅವನಿಗೆ ಅದು ಗೊತ್ತೂ ಆಯಿತು. ಆ ಮಾತನ್ನು ತಲೆಯಲ್ಲಿಟ್ಟುಕೊಂಡು ಬೆನ್ನು ಹಾಕಿ ಕೂತಿದ್ದಾನೆ, ಕಣ್ಣು ಮಂಜಾದರೆ? ಒಂದು ಕ್ಷಣ ತಡವಾಗಿ ನೋಡಿದರೆ? ಇಡೀ ಮಧ್ಯಾಹ್ನ ಇದನ್ನೇ ಅರೆದೆ. ಬೇರೆ ವಿಮಾನದ ಹುಡುಗನೊಬ್ಬ ಚಹಾ ತಂದುಕೊಟ್ಟ. ಅದರಲ್ಲೇ ಕೈ ತೊಳೆದೆನಂತೆ, ನನಗೆ ನೆನಪಿಲ್ಲ.

ಮಂಜು ಗೋಡೆಯ ಹಾಗೆ ಬಂದು ನಿಂತಿತು. ಕತ್ತಲಾಗುವ ಮುಂಚೆ ಕೆಲವು ವಿಮಾನಗಳು ಹೇಗೋ ಇಳಿದವು. ನಮ್ಮದು ಬರಲಿಲ್ಲ. ಆಮೇಲೆ ಆಕಾಶದಲ್ಲಿ ಸದ್ದೇ ಇಲ್ಲ. ನಕ್ಷತ್ರ ನೋಡಿ ಊಟಕ್ಕೆ ಕೂರಬೇಕು ಎಂದರೆ ಇಲ್ಲಿ ನಮ್ಮ ಬೂಟುಗಳೇ ಕಾಣುತ್ತಿರಲಿಲ್ಲ. ಪಾದ್ರಿಗಳು ಗಡಿಯಾರ ನೋಡಿ, "ನಕ್ಷತ್ರ ಮೂಡಿದೆ, ನಮಗೆ ಕಾಣ್ತಿಲ್ಲ ಅಷ್ಟೇ, ಬನ್ನಿ" ಎಂದು ಎಲ್ಲರನ್ನೂ ಒಳಗೆ ಕರೆದರು.

ಒಳಗೆ ದುಂಡುಬಲ್ಬುಗಳಿಗೆ ಬಣ್ಣದ ಕಾಗದ ಸುತ್ತಿದ್ದರು. ಮೇಜಿನ ಬಟ್ಟೆಯ ಕೆಳಗೆ ಒಣಹುಲ್ಲು ಹರಡಿದ್ದರು. ಎಡಿತ್ ಬಂದವಳೇ ಸೀನತೊಡಗಿದಳು. "ದನಕ್ಕೆ ಹಾಕೋದನ್ನ ಊಟದ ಮೇಜಿಗೆ ಹಾಕಿದೀರಲ್ಲ!" ಎಂದಳು. ಯಾರೂ ನಗಲಿಲ್ಲ. ಆಮೇಲೆ ಅವಳ ಕಣ್ಣು ಏಳು ಖಾಲಿ ಕುರ್ಚಿಗಳ ಮೇಲೆ ಬಿತ್ತು. ಅವರನ್ನು ಇಳಿಸಿ ಬಂದವಳು ಅವಳೇ ತಾನೆ.

ಅಡುಗೆಯ ಸಾರ್ಜೆಂಟ್ ವ್ರೋನಾ ಬೀಟ್‌ರೂಟ್ ಸಾರಿನ ಪಾತ್ರೆ ಹಿಡಿದು ಬಂದ. ಸುದ್ದಿಯಿಲ್ಲದವರ ತಟ್ಟೆಗಳನ್ನು ಬೇಗ ಎತ್ತಿಬಿಡುವುದು ಇಲ್ಲಿಯ ರೂಢಿ, ಉಳಿದವರ ಕಣ್ಣಿಗೆ ಬೀಳಬಾರದೆಂದು. ಅವನು ಲುತ್ಸೆಕ್‌ನ ತಟ್ಟೆಗೆ ಕೈ ಹಾಕಿದ. ನಾನು ತಟ್ಟೆಯ ಇನ್ನೊಂದು ಅಂಚು ಹಿಡಿದೆ.

"ಬಿಡು ಫಿಲೆಕ್."

"ನೀವು ಬಿಡಿ ಸಾರ್ಜೆಂಟ್ರೇ."

"ಹಬ್ಬದ ದಿನ ನನ್ನ ಹತ್ರ ಜಗಳ ಆಡ್ಬೇಡ. ಇಡೀ ಹಾಲ್ ನೋಡ್ತಿದೆ."

"ನೋಡ್ಲಿ. ಸತ್ರು ಅಂತ ನಿಮಗ್ಯಾರು ಹೇಳಿದ್ರು?"

ನಾನು ಸಾರ್ಜೆಂಟರ ಎದುರು ದನಿ ಎತ್ತಿದ್ದು ಅದೇ ಮೊದಲು. ಇಬ್ಬರೂ ತಟ್ಟೆ ಬಿಡಲಿಲ್ಲ. ಎಡಿತ್‌ಗೆ ನಮ್ಮ ಪೋಲಿಷ್ ಭಾಷೆ ಬಾರದು, ಆದರೆ ತಟ್ಟೆ ಕಂಡಿತು. ಅವಳು ಕುರ್ಚಿ ಹಿಂದಕ್ಕೆ ತಳ್ಳಿ, ಕೋಟು ಸಹ ಹಾಕಿಕೊಳ್ಳದೆ ಹೊರಗೆ ಓಡಿದಳು. ವಿಮಾನ ಇಳಿಸುವ ಗೋಪುರದಲ್ಲಿ ದೂರವಾಣಿಗೆ ಕೂರುವವಳು ಅವಳ ಗೆಳತಿ. ವ್ರೋನಾ ತಟ್ಟೆ ಬಿಟ್ಟು, "ಅವಳು ಬರೋ ತನಕ. ಆಮೇಲೆ ನಾನು ಕೇಳಲ್ಲ" ಎಂದು ಸಾರಿನ ಪಾತ್ರೆ ಹಿಡಿದೇ ನಿಂತ.

ಸುತ್ತಲ ಮೇಜುಗಳಲ್ಲಿ ರೊಟ್ಟಿ ಮುರಿಯುತ್ತಿದ್ದರು, ಒಬ್ಬರಿಗೊಬ್ಬರು ಹಾರೈಸುತ್ತಿದ್ದರು. ನಾವು ಗೋಡೆ ನೋಡುತ್ತಿದ್ದೆವು. ಸಾರು ಆರಿತು.

ಅವಳು ಕೂದಲೆಲ್ಲ ಒದ್ದೆಯಾಗಿ ಬಂದಳು. ನನ್ನ ಕಡೆಗೇ ಬಂದು, ನನಗೆ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದಳು. "ಇಳಿದಿದ್ದಾರೆ. ಸಮುದ್ರದ ಹತ್ರ, ಬೇರೆ ಮೈದಾನದಲ್ಲಿ. ಇಲ್ಲಿ ಮಂಜು ಅಂತ ಅಲ್ಲಿಗೆ ಕಳಿಸಿದ್ರಂತೆ. ಏಳೂ ಜನ. ಒಂದು ಇಂಜಿನ್ ಮಾತ್ರ ಕೆಟ್ಟಿದೆ."

"ಯಾವ ಇಂಜಿನ್?" ಎಂದೆ.

"ನಿನ್ನ ತಲೆ ಇಂಜಿನ್!" ಎಂದು ಒನುಫ್ರಿ ನನ್ನ ಬೆನ್ನಿಗೆ ಗುದ್ದಿದ. "ಸಾರು ಕುಡಿಯೋ ಮಾರಾಯ!" ಗುದ್ದಿದವನ ಕಣ್ಣಲ್ಲಿ ನೀರಿತ್ತು.

ಕೂರುವಾಗ ನೋಡಿದರೆ ನಾವೀಗ ಐವರು. ನಾನು ಬಾಯಿ ತೆರೆಯುವ ಮುಂಚೆಯೇ ವ್ರೋನಾ ಏಪ್ರನ್ ಬಿಚ್ಚಿ ಲುತ್ಸೆಕ್‌ನ ಕುರ್ಚಿಯಲ್ಲಿ ಕುಳಿತು, "ಬಡಿಸ್ಕೊಳ್ಳಿ. ನಾನು ಇವತ್ತು ಅತಿಥಿ" ಎಂದ. ಎಡಿತ್ ಆರು ತಟ್ಟೆ ಸಾರು ಬಡಿಸಿದಳು, ಸೀನುತ್ತಲೇ.

ಮರುದಿನ ಸಂಜೆಗೆ ಏಳು ಮಂದಿಯೂ ಲಾರಿಯಲ್ಲಿ ಬಂದರು. ಲುತ್ಸೆಕ್ ನೆಟ್ಟಗೆ ನನ್ನ ಹತ್ತಿರ ಬಂದು ಕೈ ಚಾಚಿದ. "ಎಲ್ಲಿ ನನ್ನ ರೊಟ್ಟಿ?" ನಾನು ಕ್ಷಮೆ ಕೇಳಲು ಹೊರಟೆ. "ಸುಮ್ನಿರು ಮಾವ, ನಾನೂ ದುಡುಕಿದೆ. ದಾರಿಯುದ್ದಕ್ಕೂ ಅದೇ ಯೋಚನೆ. ಈ ಮುದುಕ ಅಲ್ಲಿ ಕೊರಗಿ ಸಾಯ್ತಿರ್ತಾನೆ ಅಂತ." ಕುರಿಮರಿಯ ಚೂರನ್ನು ಇಬ್ಬರೂ ಹಿಡಿದು ಮುರಿದೆವು. ಅವನ ತಾಯಿಯ ಕಾಗದ ಬರಲಿ ಎಂದು ನಾನು ಹಾರೈಸಿದೆ.

"ಬರ್ಲಿ. ಬರೋ ತನಕ ನನ್ನ ಲೆಕ್ಕದಲ್ಲಿ ಅವಳು ಅಡುಗೆಮನೇಲಿ ನನ್ನನ್ನ ಬೈತಾ ಇದಾಳೆ" ಎಂದ. ಆಮೇಲೆ, "ನಿನಗೇನು ಹಾರೈಸ್ಲಿ? ನಿಮ್ಮನೆಯವರೆಲ್ಲ ಒಂದೇ ಮೇಜಿನ ಸುತ್ತ ಕೂರೋ ಹಾಗಾಗ್ಲಿ. ಎಷ್ಟು ಜನ ನೀವು?" ಎಂದು ಕೇಳಿದ.

ನಾನು ಹೇಳಿದೆ. ಅವನಿಗೆ ನಿನ್ನ ಮತ್ತು ಕಾಜಿಯಾಳ ಹೆಸರು ಮಾತ್ರ ಗೊತ್ತಿದ್ದದ್ದು. ತನ್ನ ಚೂರನ್ನು ನಾಲಗೆಯ ಮೇಲಿಟ್ಟುಕೊಂಡು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಹೋದ.

ಕೆಟ್ಟದ್ದು ಎಡಗಡೆಯ ಹೊರಗಿನ ಇಂಜಿನ್. ನಾಳೆ ಆ ಮೈದಾನಕ್ಕೇ ಹೋಗಿ ಅದನ್ನು ಇಳಿಸುತ್ತೇವೆ. ದೇವರು ನಿಮ್ಮಿಬ್ಬರನ್ನೂ ಜ್ವರದಿಂದಲೂ ಹಾವಿನಿಂದಲೂ ಕಾಯಲಿ, ಬರುವ ಬೇಸಿಗೆ ನಿಮ್ಮ ಮೇಲೆ ಮೆತ್ತಗಿರಲಿ. ಕಾಜಿಯಾ, ಕೆಂಪು ಪೆನ್ಸಿಲ್ ಸವೆದುಹೋದರೆ ಬರೆ, ಕಳಿಸುತ್ತೇನೆ.

ನಿನ್ನ,
ಟಿಯೋಫಿಲ್

ಮರೆತದ್ದು: ಮರೆತಿಲ್ಲ ಪೊಲಾ. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ತಡವಾದದ್ದು ಬೆರಳಿನಿಂದಲ್ಲ. ಸತ್ತವರ ಪೂಜೆಗೆ ಶಿಬಿರದ ಪಾದ್ರಿಗಳು ಹೆಸರು ಬರೆದುಕೊಳ್ಳುತ್ತಿದ್ದಾರೆ, ನಮ್ಮ ಮಗ ಗೆನ್ಯೊನ ಹೆಸರನ್ನು ಕೊಡಲೇ ಎಂದು ನೀನು ಆ ಕಾಗದದಲ್ಲಿ ಕೇಳಿದ್ದೆ. ಕೊಟ್ಟುಬಿಡು, ಮನಸ್ಸು ಹಗುರಾಗುತ್ತದೆ ಎಂದು ಬ್ಯಾರಕ್ಕಿನ ಹೆಂಗಸರು ಹೇಳುತ್ತಾರೆ, ನೀವು ಹೇಳುವ ತನಕ ಕೊಡುವುದಿಲ್ಲ ಎಂದಿದ್ದೆ. ಮಗುವನ್ನು ಜ್ವರದ ಆಸ್ಪತ್ರೆಯೊಳಗೆ ಇಟ್ಟುಕೊಂಡರು, ನಿಮ್ಮಿಬ್ಬರನ್ನು ಆ ಗಡೀಪಾರಿನ ದೇಶದಿಂದ ಹೊರಡುವ ಕೊನೆಯ ರೈಲಿಗೆ ಹತ್ತಿಸಿದರು. ನೀನು ಹತ್ತದಿದ್ದರೆ ಕಾಜಿಯಾ ಉಳಿಯುತ್ತಿರಲಿಲ್ಲ. ನಾನು ಅಲ್ಲಿದ್ದರೂ ನಿನ್ನನ್ನು ಎತ್ತಿ ಹತ್ತಿಸುತ್ತಿದ್ದೆ. ಅವನು ಹೋದದ್ದನ್ನು ನೀನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಎಷ್ಟು ಜನ ಎಂದು ಲುತ್ಸೆಕ್ ಕೇಳಿದಾಗ ನನ್ನ ಬಾಯಿಂದ ಬಂದದ್ದು ನಾಲ್ಕು. ಹೆಸರು ಕೊಡಬೇಡ. ಬದುಕಿರುವವರಿಗೆ ಹೇಳುವ ಪ್ರಾರ್ಥನೆಯಲ್ಲಿ ಕಾಜಿಯಾಳ ಹೆಸರಾದ ಮೇಲೆ ಅವನದನ್ನು ಹೇಳು. ಮಾರ್ಚಿಗೆ ಅವನಿಗೆ ಒಂಬತ್ತು ತುಂಬುತ್ತದೆ. ಹೋದ ವರ್ಷದ ಹಾಗೆ ಅಂಗಿ ಹೊಲಿದಿಡುವುದಾದರೆ ಅದೇ ಅಳತೆಗೆ ಹೊಲಿಯಬೇಡ. ತೋಳು ಉದ್ದ ಬಿಡು, ಬೆಳೆದಿರುತ್ತಾನೆ.