ಸುಪ್ರಿಯಾಳ ಕೆನ್ನೆ

ಆಲ್ದೂರು
೧೪ ಮಾರ್ಚ್ ೨೦೦೪

ಪ್ರೀತಿಯ ರುದ್ರಾಣಿ,

ಅಕ್ಕ ಬದುಕಿದ್ದಾಳೋ ಇಲ್ಲವೋ ಎಂದು ಕಳಸದಲ್ಲಿ ಕೂತು ಬೈದುಕೊಂಡಿರುತ್ತೀಯ. ಬೈದುಕೋ. ಸಂಕ್ರಾಂತಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಅಂಗಡಿ ತುಂಬ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು. ಕಾಫಿ ಕೊಳ್ಳುವ ಕಾಲದಲ್ಲಿ ನಿನ್ನ ಭಾವನವರನ್ನು ಹಿಡಿದು ಕೂರಿಸಿ ಊಟ ಬಡಿಸುವುದೇ ಒಂದು ಕೆಲಸ. ಮೊನ್ನೆ ಕಾಫಿ ಅರಳಿಸುವ ಹೂಮಳೆ ಬಿತ್ತು. ನಿಮ್ಮಲ್ಲೂ ಬಿತ್ತಾ? ನಿನ್ನ ಸೊಂಟನೋವು ಹೇಗಿದೆ?

ನನ್ನ ಸುಪ್ರಿಯಾಳ ಮೊಡವೆ ಏನಾಯಿತು ಎಂದು ನೀನು ಕೇಳಿದ್ದೆ. ವಾಸಿಯಾಯಿತು. ಈ ಒಂದು ಮಾತು ಬರೆಯುವುದಕ್ಕೇ ಇಷ್ಟು ತಡ.

ಕಳೆದ ಮಳೆಗಾಲದಲ್ಲಿ ನೀನೇ ನೋಡಿದ್ದೆಯಲ್ಲ, ಗಲ್ಲ, ಕೆನ್ನೆ, ಬೆನ್ನು ಎಲ್ಲ ಗೋಲಿಯಂಥ ಗಂಟು, ಒಳಗೇ ಕೀವು. ಬೆಳಿಗ್ಗೆ ಎದ್ದರೆ ದಿಂಬಿಗೆ ರಕ್ತ. ಹುಡುಗಿ ಕಾಲೇಜು ಬಿಟ್ಟು ಕೂತಳು. ನಮ್ಮತ್ತೆ, "ಅಮ್ಮನ್ನೇ ಹೋತಿದಾಳೆ, ಎಂತ ಮಾಡೋಕಾಗುತ್ತೆ?" ಎಂದು ಸುಮ್ಮನಾದರು. ನನಗೂ ಹಾಗೇ ಅನಿಸಿತ್ತು. ಅಮ್ಮ ನನಗೆ ಹಚ್ಚುತ್ತಿದ್ದ ಬೇವು, ಗಂಧಕ, ಅರಿಸಿನವನ್ನೇ ಅವಳಿಗೂ ಹಚ್ಚಿದೆ. ಇವರು ಕೇಳಲಿಲ್ಲ. "ಇದು ರೋಗ ಗಿರಿಜಾ, ಹಣೆಬರಹ ಅಲ್ಲ" ಎಂದು ಅಂಗಡಿಗೆ ಬೀಗ ಹಾಕಿ ನಮ್ಮಿಬ್ಬರನ್ನೂ ಚಿಕ್ಕಮಗಳೂರಿನ ಚರ್ಮದ ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರಮ್ಮ ಒಂದು ಕ್ಯಾಪ್ಸೂಲ್ ಬರೆದರು. "ಶಾಂತವೀರಪ್ಪನವ್ರೇ, ಇದು ಉಷ್ಣಕ್ಕೆ ಆಗಿದ್ದಲ್ಲ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಔಷಧಿ ಮುಗಿಯೋವರೆಗೂ ಮದುವೆ ಮಾತು ಬೇಡ. ಇದು ಹೊಟ್ಟೇಲಿರೋ ಮಗುವಿಗೆ ಅಪಾಯ" ಎಂದರು.

ಮೊದಲ ತಿಂಗಳು ಇನ್ನೂ ಉಲ್ಬಣಿಸಿತು. ತುಟಿ ಒಡೆದು, ಅನ್ನ ತಿಂದರೂ ಉರಿ. "ಅಮ್ಮಾ, ನಿಂಗೂ ಹೀಗೇ ನೋಯ್ತಿತ್ತಾ?" ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಆಗ ಅವಳು ಪೂರ್ತಿ ನನ್ನವಳಾಗಿದ್ದಳು ಕಣೇ.

ಆಮೇಲೆ ಗಂಟುಗಳು ಒಂದೊಂದಾಗಿ ಇಳಿದವು. ಕೆನ್ನೆ ಮುಚ್ಚುತ್ತಿದ್ದ ದುಪಟ್ಟಾ ಹೆಗಲಿಗೆ ಬಂತು. ಮತ್ತೆ ಕಾಲೇಜಿಗೆ ಹೊರಟಳು. ಎದುರುಮನೆಯವರು, "ನಿಮ್ಮ ಹುಡುಗಿ ಲಕ್ಷ್ಮಿ ಹಾಗಿದಾಳೆ ಮಾರಾಯ್ತಿ!" ಎಂದಾಗ ನಕ್ಕೆ. ಒಳಗೆ ಮಾತ್ರ ಮೆಣಸಿನಕಾಯಿ ಅರೆದ ಹಾಗಾಯಿತು. ಅವಳ ವಯಸ್ಸಿನಲ್ಲಿ ನನ್ನನ್ನು ನೆಂಟರ ಮದುವೆಗೂ ಕರೆದೊಯ್ಯುತ್ತಿರಲಿಲ್ಲ, ನಿನಗೆ ನೆನಪಿರಬೇಕು. ನೀನು ಹೊಸ ಲಂಗ ಉಟ್ಟು ಹೋಗುತ್ತಿದ್ದೆ.

ಹೋದ ವಾರ ಕೊನೆಯ ಭೇಟಿ. ನಾವಿಬ್ಬರೇ ಹೋಗಿದ್ದೆವು. ಸುಪ್ರಿಯಾ ತಾನಾಗಿ ಕೇಳಿದಳು, "ಡಾಕ್ಟರೇ, ಅಮ್ಮಂಗೂ ಆ ಮಾತ್ರೆ ಕೊಡಬಹುದಾ?"

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು. "ಇವರ ಕಾಯಿಲೆ ಯಾವತ್ತೋ ಮುಗಿದಿದೆ. ಉಳಿದಿರೋದು ಗುಳಿ. ಮಾತ್ರೆಯಿಂದ ಗುಳಿ ತುಂಬಲ್ಲಮ್ಮ. ಇವರ ಕಾಲಕ್ಕೆ ಇದು ನಮ್ಮಲ್ಲಿ ಸಿಗ್ತಿರಲಿಲ್ಲ, ಏನು ಮಾಡೋದು?"

ಹೊರಗೆ ಬಂದ ಮೇಲೆ ಮಗಳು ನನ್ನ ಕೈ ಹಿಡಿದಳು. ಕೊಡವಿಬಿಟ್ಟೆ. "ನನ್ನ ಮುಖದ ಉಸಾಬರಿ ನಿನಗೆ ಬೇಡ" ಎಂದೆ. ಬಸ್ಸು ಆಲ್ದೂರು ಮುಟ್ಟುವವರೆಗೂ ಅವಳು ಕಿಟಕಿಯಾಚೆ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮಕ್ಕಳ ಹಣೆಗೆ ನನ್ನ ಪರವಾಗಿ ವಿಭೂತಿ ಇಡು. ಅವರ ಮುಖ ಸದಾ ತಿಳಿಯಾಗಿರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಗಿರಿಜಾಂಬಾ

ಇನ್ನೊಂದು ಮಾತು: ಡಾಕ್ಟರ ಬಳಿ ಹೋಗಿಬಂದ ಆ ಸಂಜೆ ಇವರು ಅಂಗಡಿಯಿಂದ ಬಂದವರೇ ಎರಡೂ ಅಂಗೈಯಲ್ಲಿ ಮಗಳ ಕೆನ್ನೆ ಹಿಡಿದುಕೊಂಡು, "ಎಷ್ಟು ನುಣುಪಾಗಿದೆ, ನೋಡೇ ಗಿರಿಜಾ" ಎಂದರು. ನಾನು ಒಳಗೆ ಹೋಗಿ ಸಾರು ಕಲಕಿದೆ. ಒಳ್ಳೆಯವರು ರುದ್ರಾಣಿ, ಒಂದು ದಿನವೂ ನನ್ನನ್ನು ಹೀಯಾಳಿಸಿದವರಲ್ಲ. ಆದರೆ ಮದುವೆಯಾಗಿ ಇಷ್ಟು ವರ್ಷವಾಯಿತು, ಆ ಕೈ ಒಮ್ಮೆಯೂ ನನ್ನ ಕೆನ್ನೆಗೆ ಬಂದಿಲ್ಲ.