ಹೊರಗಿನ ಗಂಡು

ಹುಣಸೂರು
೯ ಫೆಬ್ರವರಿ ೨೦೦೩

ನಾನು ಹುಟ್ಟಿದಂದಿನಿಂದ ಮಾವನಾಗಿದ್ದು, ನಡುವೆ ಗಂಡನೂ ಆದ ನಿಮಗೆ,

ರಾಧೆಯ ನಮಸ್ಕಾರ. ನೀವು ಮನೆ ಬಿಟ್ಟು ಬೀಚನಹಳ್ಳಿ ತೋಟ ಸೇರಿ ನಾಲ್ಕು ವರ್ಷವಾಯಿತು. ನಿಮ್ಮ ಕಾಗದದಲ್ಲಿ ನನ್ನ ಯೋಗಕ್ಷೇಮ ಒಂದು ಸಾಲು, ನೀವು ಸಾಕುವ ಹೆಬ್ಬಾವುಗಳದು ಮೂರು ಪುಟ. ಬೇಸರವಿಲ್ಲ, ಸವತಿಯರ ಮೈಕೈ ಚೆನ್ನಾಗಿದ್ದರೆ ಸಾಕು.

ಆದರೆ ಚೆನ್ನಾಗಿಲ್ಲ ಅಂತ ಬರೆದಿದ್ದೀರಲ್ಲ. ಪರದೇಶದಿಂದ ತರಿಸಿದ ಮೊದಲ ಜೋಡಿ ಮಂಚದುದ್ದ ಇತ್ತು. ಅವುಗಳ ಮಕ್ಕಳನ್ನೇ ಗಾಜಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಕೂಡಿಸಿದಿರಿ. ಚಿಕ್ಕದಾದಷ್ಟೂ ಪೇಟೆಯ ಶೋಕಿ ಜನ ಮುದ್ದಾಡಿ ಸಾಕುತ್ತಾರೆಂದು ಹಿಗ್ಗಿದಿರಿ. ಮೊಮ್ಮಕ್ಕಳು ಈಗ ನಿಮ್ಮ ತೋಳಿನುದ್ದವೂ ಇಲ್ಲ. ಇಲಿ ಹೆಚ್ಚಿಸಿದರೆ ಊದುತ್ತವೆ, ಬೆಳೆಯುವುದಿಲ್ಲ. ಈ ಸಲದ ಮೊಟ್ಟೆಗಳಲ್ಲಿ ಅರ್ಧ ಒಡೆಯಲೇ ಇಲ್ಲ. ಇನ್ನೊಂದು ತಲೆಮಾರಿಗೆ ಹೆಬ್ಬಾವಿನ ಹಿರಿತನ ಉದುರಿ ಬರೀ ಬಾವು ಉಳಿಯುತ್ತದೆ.

ಒಂದೇ ರಕ್ತ ಸುತ್ತಿ ಸುತ್ತಿ ಮೈ ಕುಗ್ಗಿದೆ, ಹೊರಗಿನ ಗಂಡು ಬೇಕು, ನಿನ್ನ ಕಾಲೇಜಿನವರ ಕಡೆಯಿಂದ ಚೆನ್ನೈಯಲ್ಲಿ ವಿಚಾರಿಸು ಎಂದು ಬರೆದಿರಿ. ವಿಚಾರಿಸಿದೆ. ಸಿಗುತ್ತದಂತೆ.

ಪುಟ ತಿರುಗಿಸಿದರೆ ಇನ್ನೊಂದು ಮದುವೆ. ನಮ್ಮ ಮಗಳು ರಮ್ಯಳನ್ನು ನಿನ್ನ ತಮ್ಮ ಕನಕರಾಜುವಿಗೆ ಕೊಡಬೇಕೆಂದು ಅಕ್ಕ ಕೇಳುತ್ತಿದ್ದಾಳೆ, ನಿನ್ನ ಅಭಿಪ್ರಾಯ ಬರೆ ಅಂದಿದ್ದೀರಿ. ಅದೇ ಶಾಯಿ, ಅದೇ ಕೈ.

ನಿಮ್ಮ ಅಕ್ಕ, ಅಂದರೆ ನನ್ನ ಅವ್ವ, ತನ್ನ ಸೋದರಮಾವನನ್ನು ಕಟ್ಟಿಕೊಂಡಳು. ನಾನು ನಿಮ್ಮನ್ನು. ಕನಕರಾಜು ಒಳ್ಳೆಯವನೇ, ನಾನೇ ಎತ್ತಿ ಆಡಿಸಿದವನು. ಅವ್ವ ಇಲ್ಲಿಗೂ ಬಂದಿದ್ದಳು. “ಕಳ್ಳುಬಳ್ಳಿ ಕಡ್ಕಬಾರ್ದು ಕಣವ್ವ. ಗೊತ್ತಿಲ್ದೋರ ಮನೇಗೆ ಮಗಳ್ನ ಕೊಟ್ಟು ಯಾಕೆ ಎದೆ ಒಡ್ಕತೀಯ?” ಅಂದಳು. ನಿಮ್ಮ ಪೆಟ್ಟಿಗೆಗಳ ಕಥೆ ಹೇಳಿದೆ. “ಅವು ಉಳ ಕಣೇ, ನಾವು ಮನುಷ್ಯರಲ್ವ?” ಎಂದು ನಕ್ಕಳು.

ನಮ್ಮ ಮೊದಲ ಕೂಸನ್ನು ನರ್ಸು ತಕ್ಕಡಿಯಲ್ಲಿಟ್ಟಾಗ ಮುಳ್ಳು ಅಲ್ಲಾಡಿತೋ ಇಲ್ಲವೋ. ಸಂಜೆಗೆ ನೀವು ಅದನ್ನು ಟವಲಿನಲ್ಲಿ ಸುತ್ತಿ ಮಣ್ಣಿಗೆ ಒಯ್ದಿರಿ. ಸಂಬಂಧದಲ್ಲೇ ಮದುವೆಯಾದದ್ದರಿಂದ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆಮೇಲೆ ಹುಟ್ಟಿದ ರಮ್ಯ ನೆಟ್ಟಗೆ ಬೆಳೆದಳು, ಎಲ್ಲರೂ ಮರೆತರು. ನನಗೆ ಮಾತ್ರ ನಿಮ್ಮ ಒಡೆಯದ ಮೊಟ್ಟೆಗಳ ವಿಷಯ ಓದುವಾಗ ಆ ಟವಲು ನೆನಪಾಗುತ್ತದೆ.

ಹಾವಿಗೆ ತೋರಿಸಿದ ದಯೆಯನ್ನು ಮಗಳಿಗೂ ತೋರಿಸಿ. ನೀವೊಬ್ಬರು ಬೇಡವೆಂದರೆ ಅವ್ವ ಕೇಳುತ್ತಾಳೆ. ನಾನು ಬೇಡವೆಂದರೆ ಅದು ಓದಿದವಳ ಸೊಕ್ಕು ಅನ್ನುತ್ತಾಳೆ.

ಇಂತಿ, ಹೆಂಡತಿಯಾಗಿ ಕೇಳಿದರೆ ಕೇಳುವುದಿಲ್ಲವೆಂದು
ನಿಮ್ಮ ಅಕ್ಕನ ಮಗಳಾಗಿ,
ರಾಧಾ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಕನಕರಾಜು ಬಂದ. ಎಲೆಯಡಿಕೆ ಬದಲಾಯಿಸಿದ್ದು ಹೋದ ತಿಂಗಳೇ ಅಂತೆ, ತಟ್ಟೆ ಹಿಡಿದವರು ನೀವೇ ಅಂತೆ. ಅಭಿಪ್ರಾಯ ಕೇಳಿದ್ದು ಆಮೇಲೆ. ರಮ್ಯಳಿಗೂ ಗೊತ್ತಿತ್ತು. ನೀನು ಒಪ್ಪಿದೆಯೇನೇ ಎಂದೆ. “ಕನಕಮಾವ ಏನು ಹೊಸಬರೇನಮ್ಮ?” ಎಂದಳು, ಅವನು ತಂದ ಸೀರೆಯ ಸೆರಗು ನೋಡುತ್ತ. ಅಂದು ಅವ್ವ ನಿಮ್ಮ ಹೆಸರು ಹೇಳಿ ಒಪ್ಪಿಗೆ ಕೇಳಿದಾಗ ನಾನೂ ಇಷ್ಟೇ ಹೇಳಿದ್ದೆ.